ದಿನದ ಧಮ್ಮ ಚಿಂತನೆ: ಶೋಕಕ್ಕೆ ನಾಯಿಯ ಸಂಗ



ಕಳೆದ ಭಾನುವಾರ ನಮ್ಮ ಬಳಗದಲ್ಲಿ ಎದ್ದ ಪ್ರಶ್ನೆಯೊಂದು ಅರ್ಧಕ್ಕೇ ನಿಂತುಹೋಯಿತು. ಹತ್ತಿರದವರನ್ನು ಕಳೆದುಕೊಂಡವರ ಚಿಕಿತ್ಸೆಗೆ ತರಬೇತಿ ಕೊಟ್ಟ ನಾಯಿಗಳನ್ನು ಬಳಸುತ್ತಾರಂತೆ ಎಂದು ಸೋದರಿಯೊಬ್ಬರು ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದರು. ಅಂಚೆ ಇಲಾಖೆಯಿಂದ ನಿವೃತ್ತರಾದ ನಮ್ಮ ಹಿರಿಯರು ಕನ್ನಡಕ ಒರೆಸಿಕೊಳ್ಳುತ್ತಾ, "ಸತ್ತವರ ಮೇಲಿದ್ದ ಮೋಹ ನಾಯಿ ಮೇಲಕ್ಕೆ ಬಂತು. ಮೋಹ ಹೋಯ್ತಾ?" ಅಂದರು. ಕೆಲವರು ನಕ್ಕರು. ಅಷ್ಟರಲ್ಲಿ ಟೀ ಬಂತು, ಮಾತು ಬೇರೆ ಕಡೆಗೆ ಹೊರಳಿತು.

ಇವತ್ತು ಬರೆಯುವ ಸರದಿ ನನ್ನದು. ಹಿರಿಯರ ಪ್ರಶ್ನೆ ನಗುವಂಥದ್ದಲ್ಲ. ಅದನ್ನೇ ಎತ್ತಿಕೊಂಡಿದ್ದೇನೆ. ಈ ವಿಷಯ ನನಗೆ ಪತ್ರಿಕೆಯಿಂದ ಬಂದದ್ದೂ ಅಲ್ಲ.

ಮೊದಲು ಇಂಥ ನಾಯಿ ಎಂದರೇನು ಎಂದು ಹೇಳಿಬಿಡುತ್ತೇನೆ. ಇದು ಮನೆ ಕಾಯುವ ನಾಯಿಯಲ್ಲ, ಪೊಲೀಸ್ ನಾಯಿಯಲ್ಲ, ಕಣ್ಣು ಕಾಣದವರನ್ನು ನಡೆಸುವ ನಾಯಿಯೂ ಅಲ್ಲ. ಅಪರಿಚಿತರು ಮುಟ್ಟಿದರೂ ಹೆದರದ, ಯಾರಾದರೂ ಜೋರಾಗಿ ಅತ್ತರೂ ಗಾಬರಿಯಾಗದ ಸ್ವಭಾವ ನೋಡಿ ಆರಿಸುತ್ತಾರೆ. ಅಭ್ಯಾಸ ಮಾಡಿಸುತ್ತಾರೆ, ಲಸಿಕೆ ಹಾಕಿಸುತ್ತಾರೆ. ಚಿಕಿತ್ಸೆ ನಡೆಯುವ ಕೋಣೆಯಲ್ಲಿ ಅದು ಸುಮ್ಮನೆ ಇರುತ್ತದೆ. ಫ್ರಾಯ್ಡ್ ಕೂಡ ತನ್ನ ಕೋಣೆಯಲ್ಲಿ ಯೋಫಿ ಎಂಬ ನಾಯಿಯನ್ನು ಇರಿಸಿಕೊಂಡಿದ್ದ. ಆದರೆ ಇದನ್ನೊಂದು ಚಿಕಿತ್ಸೆಯ ವಿಧಾನವೆಂದು ಗಂಭೀರವಾಗಿ ಬರೆದವನು ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್. ಮಾತನಾಡದ ಹುಡುಗನೊಬ್ಬನನ್ನು ತಂದೆತಾಯಿ ಹೇಳಿದ ಹೊತ್ತಿಗಿಂತ ಮುಂಚೆಯೇ ಕರೆತಂದರು. ಲೆವಿನ್ಸನ್‌ನ ನಾಯಿ ಜಿಂಗಲ್ಸ್ ಇನ್ನೂ ಕೋಣೆಯಲ್ಲೇ ಇತ್ತು, ಓಡಿ ಹೋಗಿ ಹುಡುಗನನ್ನು ನೆಕ್ಕಿತು. ಹುಡುಗ ನಾಯಿಯ ಜೊತೆ ಮಾತಾಡಲು ಶುರುಮಾಡಿದ. 1962ರಲ್ಲಿ ಲೆವಿನ್ಸನ್ ಇದರ ಬಗ್ಗೆ ಲೇಖನ ಪ್ರಕಟಿಸಿದ. ಆಗ ಅವನ ಸಹೋದ್ಯೋಗಿಗಳಲ್ಲೂ ನಕ್ಕವರಿದ್ದರು. ನಾಯಿಗೆ ಫೀಜಿನಲ್ಲಿ ಎಷ್ಟು ಪಾಲು ಎಂದು ಕೇಳಿದರಂತೆ.

ಇನ್ನು ನನ್ನ ಮಾತು. 2021ರ ಮೇ ತಿಂಗಳಲ್ಲಿ ನನ್ನ ಗಂಡ ತೀರಿಕೊಂಡರು. ಆ ಮೇ ತಿಂಗಳು ಹೇಗಿತ್ತು ಎಂದು ನಿಮಗೆ ವಿವರಿಸಬೇಕಿಲ್ಲ. ಸಂಜೆ ಆಂಬುಲೆನ್ಸ್ ಬಂತು, ಒಂಬತ್ತನೇ ದಿನ ಫೋನ್ ಬಂತು. ಮುಖ ನೋಡಲಿಲ್ಲ. ಜನ ಸೇರಲಿಲ್ಲ. ಬಂಧುಗಳು ಬಂದು ತಬ್ಬಿಕೊಂಡು ಅಳುವುದು, ಹನ್ನೊಂದನೇ ದಿನ ಊಟಕ್ಕೆ ಕೂರುವುದು, ಇವುಗಳಲ್ಲಿ ಎಷ್ಟು ಔಷಧವಿತ್ತು ಎಂಬುದು ಅವು ಇಲ್ಲವಾದಾಗ ಗೊತ್ತಾಯಿತು. ಮಗ ಆಗ ಐದನೇ ತರಗತಿ. ಅತ್ತೆಗೆ ಎಪ್ಪತ್ತು ದಾಟಿತ್ತು. ಮೂವರೂ ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಹೆದರಿಕೊಂಡು ಬದುಕಿದೆವು. ನಾನು ಅತ್ತರೆ ಮಗ ಅಳುತ್ತಾನೆಂದು ನಾನು ಅಳಲಿಲ್ಲ. ನಾನು ಅಳುತ್ತೇನೆಂದು ಅವನು ಅಪ್ಪನ ಹೆಸರೆತ್ತಲಿಲ್ಲ. ಅತ್ತೆ ಹಿತ್ತಲಿಗೆ ಹೋಗಿ ಅತ್ತು ಬರುತ್ತಿದ್ದರು. ಶಾಲೆ ಮತ್ತೆ ತೆರೆದಾಗ ಅವನ ಮೇಷ್ಟ್ರು, "ಇವನು ಎದ್ದುನಿಂತು ಓದಲ್ಲ ಮೇಡಂ, ಕರೆದ್ರೆ ಸುಮ್ಮನೆ ನೋಡ್ತಾನೆ" ಅಂದರು. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವಳು ನಾನು. ನನ್ನ ಮನೆಯ ಮಗುವಿನ ಬಾಯಿ ತೆರೆಸಲು ಬೇರೆಯವರು ಬೇಕಾಯಿತು.

ಮೈಸೂರಿನಲ್ಲಿ ಒಬ್ಬ ಆಪ್ತಸಮಾಲೋಚಕಿ ಇದ್ದಾರೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ಆ ನವೆಂಬರಿನಿಂದ ಹದಿನೈದು ದಿನಕ್ಕೊಮ್ಮೆ ಶನಿವಾರ ಮಧ್ಯಾಹ್ನ ಮಂಡ್ಯದಿಂದ ಬಸ್ಸು ಹತ್ತುತ್ತಿದ್ದೆವು. ಅವರ ಕೋಣೆಯ ಚಾಪೆಯ ಮೇಲೆ ಬೆಲ್ಲದ ಬಣ್ಣದ ಲ್ಯಾಬ್ರಡಾರ್ ನಾಯಿ ಮಲಗಿರುತ್ತಿತ್ತು. ಹೆಸರೂ ಬೆಲ್ಲ ಎಂದೇ. ಮೊದಲ ಎರಡು ಸಲ ಮಗ ಅದರ ಕಿವಿ ಸವರುತ್ತಾ ಕೂತದ್ದು ಬಿಟ್ಟರೆ ಏನೂ ನಡೆಯಲಿಲ್ಲ. ಬಸ್ ಚಾರ್ಜು ದಂಡ ಎಂದು ಅತ್ತೆ ಗೊಣಗಿದರು. ಮೂರನೇ ಸಲ ಅವನು ನಾಯಿಯ ಕಿವಿಗೆ ಬಾಯಿಟ್ಟು ಹೇಳಿದ, "ಅಪ್ಪ ಆಂಬುಲೆನ್ಸ್ ಹತ್ತುವಾಗ ನಾನು ಫೋನಲ್ಲಿ ಗೇಮ್ ಆಡ್ತಿದ್ದೆ. ಟಾಟಾ ಮಾಡ್ಲಿಲ್ಲ."

ಆರು ತಿಂಗಳು ಆ ಮಗು ಈ ಒಂದು ವಾಕ್ಯವನ್ನು ಹೊತ್ತು ತಿರುಗಿತ್ತು. ನಾನು ಮೂರು ಅಡಿ ದೂರದಲ್ಲಿ ಕುಳಿತಿದ್ದೆ. ಸಮಾಲೋಚಕಿ ಕಣ್ಣಿನಲ್ಲೇ ನನ್ನನ್ನು ತಡೆದರು. ಬೆಲ್ಲ ಒಂದು ಸಲ ಬಾಲ ನೆಲಕ್ಕೆ ಬಡಿಯಿತು, ಅಷ್ಟೆ.

ನನಗೆ ಹೇಳದ್ದನ್ನು ನಾಯಿಗೆ ಯಾಕೆ ಹೇಳಿದ? ಇದನ್ನು ನಾನು ಬಹಳ ಯೋಚಿಸಿದ್ದೇನೆ. ನನಗೆ ಹೇಳಿದ್ದರೆ ನನ್ನ ಮುಖ ಬದಲಾಗುತ್ತಿತ್ತು. "ಅಯ್ಯೋ ಕಂದ, ಹಾಗೆಲ್ಲ ಅಂದ್ಕೋಬಾರದು" ಅನ್ನುತ್ತಿದ್ದೆ. ಆ ಸಮಾಧಾನದ ಮಾತಿನಲ್ಲೂ ಒಂದು ಅವಸರವಿರುತ್ತದೆ, ಈ ನೋವು ಬೇಗ ಮುಗಿಯಲಿ ಎಂಬ ಅವಸರ. ನಾಯಿಗೆ ಆ ಅವಸರವಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಬೇಕೆಂಬ ಹಂಗೂ ಅದಕ್ಕಿಲ್ಲ.

ಈಗ ಸುತ್ತಗಳಿಗೆ ಬರೋಣ. ಹಿರಿಯರ ಮಾತಿನ ಹಿಂದೆ ಮಜ್ಝಿಮ ನಿಕಾಯದ ಪಿಯಜಾತಿಕ ಸುತ್ತವಿದೆ ಎಂದು ನನಗೆ ಗೊತ್ತು. ಒಬ್ಬನೇ ಮಗನನ್ನು ಕಳೆದುಕೊಂಡ ಗೃಹಸ್ಥ ಬುದ್ಧರ ಬಳಿ ಬರುತ್ತಾನೆ. ಶೋಕ ಹುಟ್ಟುವುದು ಪ್ರಿಯವಾದದ್ದರಿಂದ ಎಂದು ಬುದ್ಧರು ಹೇಳುತ್ತಾರೆ. ಅವನಿಗೆ ರುಚಿಸುವುದಿಲ್ಲ, ಎದ್ದು ಹೋಗುತ್ತಾನೆ. ಹೋಗಿ ಸೇರುವುದು ಜೂಜುಗಾರರ ಗುಂಪನ್ನು. ಪ್ರಿಯವಾದದ್ದರಿಂದ ಸುಖವೇ ಹುಟ್ಟುವುದು ಎಂದು ಅವರು ಅವನಿಗೆ ಬೇಕಾದ ಮಾತು ಹೇಳುತ್ತಾರೆ. ಕೊನೆಗೆ ಬುದ್ಧರ ಮಾತಿನ ಅರ್ಥ ಬಿಡಿಸಿ ಪಸೇನದಿ ರಾಜನನ್ನು ಒಪ್ಪಿಸುವವಳು ರಾಣಿ ಮಲ್ಲಿಕಾ. ನಮ್ಮ ಮಗಳಿಗೆ ಏನಾದರೂ ಆದರೆ ನಿಮಗೆ ಏನನ್ನಿಸುತ್ತದೆ ಎಂದು ಕೇಳಿ ಒಪ್ಪಿಸುತ್ತಾಳೆ. ಸುತ್ತದ ಮಾತು ನಿಜ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಅದನ್ನು ಎದ್ದು ಹೋದವನ ಕಡೆಯಿಂದಲೂ ಒಮ್ಮೆ ಓದಬೇಕು. ಆ ಗೃಹಸ್ಥ ಮುಂದೇನಾದ ಎಂದು ಸುತ್ತ ಹೇಳುವುದೇ ಇಲ್ಲ. ನಿಜವನ್ನು ತಾಳಿಕೊಳ್ಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಬುದ್ಧರಿಗೆ ಇದು ತಿಳಿಯದ್ದೇನಲ್ಲ. ಅಭಯ ರಾಜಕುಮಾರನಿಗೆ ಹೇಳಿದ ಸುತ್ತದಲ್ಲಿ ಮಾತಿಗೆ ನಿಜ ಮತ್ತು ಹಿತ ಎಂಬೆರಡು ಅಳತೆಗಳ ಜೊತೆಗೆ ಹೊತ್ತು ಎಂಬ ಮೂರನೆಯ ಅಳತೆಯನ್ನೂ ಇಡುತ್ತಾರೆ. ಕಿಸಾ ಗೋತಮಿಯ ಕತೆ ನೆನೆಯಿರಿ. ಸತ್ತ ಮಗುವನ್ನು ಹೊತ್ತು ಬಂದವಳಿಗೆ ಅವರು ಮೊದಲು ಉಪದೇಶ ಮಾಡಲಿಲ್ಲ, ಕೆಲಸ ಕೊಟ್ಟರು. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದರು. ಅವಳು ಮನೆ ಮನೆ ಅಲೆದಳು, ಜನರ ಬಾಯಿಂದ ಅವರವರ ಸಾವುಗಳನ್ನು ಕೇಳಿದಳು, ನಡೆಯುತ್ತಲೇ ಅವಳ ಹಿಡಿತ ಸಡಿಲಾಯಿತು. ಪಟಾಚಾರೆ ಮೈಮೇಲೆ ಬಟ್ಟೆಯ ಪರಿವೆಯಿಲ್ಲದೆ ಸಭೆಗೆ ಬಂದಾಗ ಅಲ್ಲಿದ್ದ ಒಬ್ಬ ತನ್ನ ಮೇಲುಹೊದಿಕೆಯನ್ನು ಅವಳತ್ತ ಎಸೆದ. ಅದನ್ನು ಹೊದ್ದ ಮೇಲೆಯೇ ಧಮ್ಮದ ಮಾತು ಕಿವಿಗೆ ಬಿದ್ದದ್ದು. ಆ ಹೊದಿಕೆಯನ್ನು ಧಮ್ಮ ಎನ್ನುತ್ತೀರೋ ಇಲ್ಲವೋ? ನನ್ನ ಮಟ್ಟಿಗೆ ಬೆಲ್ಲ ಆ ಹೊದಿಕೆ. ಅನಿತ್ಯದ ಬಗ್ಗೆ ನನ್ನ ಮಗನಿಗೆ ಅದು ಏನನ್ನೂ ಕಲಿಸಲಿಲ್ಲ, ಕಲಿಸಲೂ ಆಗದು. ಕೇಳಿಸಿಕೊಳ್ಳುವ ಸ್ಥಿತಿಗೆ ಅವನನ್ನು ತಂದಿತು.

ಹಾಗಾದರೆ ಮೋಹದ ಮಾತು? ಒಂದರ ಜಾಗಕ್ಕೆ ಇನ್ನೊಂದು ಬಂದಿತೇ? ಬದಲಿಯಾಗಿ ಬಂದದ್ದು ಮೊದಲಿನದನ್ನು ಮರೆಸುತ್ತದೆ. ನಮ್ಮಲ್ಲಿ ಆದದ್ದು ತಿರುವುಮುರುವು. ಒಂದು ಸಲ ಅತ್ತೆಯನ್ನೂ ಕರೆದುಕೊಂಡು ಹೋದೆವು. ನಾಯಿ ಅವರ ಪಾದದ ಮೇಲೆ ಗದ್ದ ಇಟ್ಟಿತು. ಅವರು ಸೆರಗು ಎಳೆದುಕೊಂಡು "ಥೂ, ಅತ್ಲಾಗ್ ಹೋಗು" ಅಂದರು, ಆದರೆ ಕಾಲು ಎಳೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಯಾರನ್ನೂ ನೋಡದೆ, "ನನ್ ಮಗ ಸಣ್ಣೋನಿದ್ದಾಗ ಹಿಂಗೇ ಒಂದ್ ನಾಯಿ ಸಾಕಿದ್ದ ಕಣವ್ವ. ಮೋಟು ಬಾಲ. ಇಸ್ಕೂಲ್ ಗಂಟ ಹಿಂದಿಂದೇನೆ ಹೋಗದು. ಮೇಷ್ಟ್ರು ಹೊಡೆದ್ರೂ ಬಾಗಿಲು ಬುಟ್ಟು ಬತ್ತಿರ್ಲಿಲ್ಲ" ಅಂದರು. ಹದಿನಾಲ್ಕು ವರ್ಷ ಸಂಸಾರ ಮಾಡಿದ ನನಗೆ ಆ ಮೋಟು ಬಾಲದ ನಾಯಿ ಗೊತ್ತಿರಲಿಲ್ಲ. ಮಗ "ಅಪ್ಪಂಗೆ ಎಷ್ಟು ವರ್ಷ ಆಗ?" ಎಂದು ಕೇಳಿದ. ಏಳು ತಿಂಗಳ ನಂತರ ನಮ್ಮ ಮೂವರ ನಡುವೆ ಅವರ ಹೆಸರು ಬಂದದ್ದು ಅವತ್ತೇ.

ಬಿಗಿಹಿಡಿತಕ್ಕೆ ಪಾಲಿಯಲ್ಲಿ ಉಪಾದಾನ ಎನ್ನುತ್ತೇವೆ. ಹಿಡಿದದ್ದು ಯಾವುದು ಎನ್ನುವುದಕ್ಕಿಂತ ಹಿಡಿದ ಕೈ ಹೇಗಿದೆ ಎನ್ನುವುದು ಅಲ್ಲಿ ಮುಖ್ಯ. ನಾಯಿಯ ಕಿವಿ ಸವರುತ್ತಿದ್ದ ಆ ಕೈ ಸಡಿಲವಾಗಿತ್ತು ಎಂದು ನಾನು ಕಣ್ಣಾರೆ ನೋಡಿದ್ದೇನೆ.

ವಿಜ್ಞಾನದವರು ಬೇರೆ ರೀತಿಯಲ್ಲಿ ಹೇಳುತ್ತಾರೆ. ನಾಯಿ ಮತ್ತು ಅದನ್ನು ಸಾಕಿದವರು ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಹೆಚ್ಚುತ್ತದೆ, ತಾಯಿ ಮಗುವಿನ ನಡುವೆ ಆಗುವಂತೆ, ಎಂದು ಜಪಾನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ್ದಾರೆ. ತಿಳಿಯುವುದು ಒಳ್ಳೆಯದೇ. ಆದರೆ ಹಾರ್ಮೋನಿನ ಲೆಕ್ಕದಿಂದ ಇದು ಸರಿಯೋ ತಪ್ಪೋ ಎಂಬುದು ತೀರ್ಮಾನವಾಗುವುದಿಲ್ಲ.

ಹಿರಿಯರು ಕೇಳದ ಇನ್ನೊಂದು ಪ್ರಶ್ನೆಯಿದೆ, ನನಗೆ ಅದೇ ದೊಡ್ಡದು. ನಮ್ಮ ಶೋಕವನ್ನು ಕರಗಿಸಲು ನಾಯಿಯನ್ನು ಬಳಸಿಕೊಂಡರೆ ನಾಯಿಯ ಗತಿ ಏನು?

ಕೋಸಂಬಿಯ ಭಿಕ್ಷುಗಳು ಜಗಳವಾಡಿ, ಬುದ್ಧರ ಮಾತೂ ಕೇಳದಿದ್ದಾಗ ಅವರು ಎಲ್ಲರನ್ನೂ ಬಿಟ್ಟು ಪಾರಿಲೆಯ್ಯಕ ಕಾಡಿಗೆ ಹೋದದ್ದು ನಮಗೆ ಗೊತ್ತಿದೆ. ಅಲ್ಲಿ ಆನೆಯೊಂದು ಅವರಿಗೆ ನೀರು ತಂದುಕೊಟ್ಟು ಸೇವೆ ಮಾಡಿತು. ಮನುಷ್ಯರಿಂದ ಬೇಸತ್ತ ಬುದ್ಧರಿಗೂ ಒಂದು ಪ್ರಾಣಿಯ ಸಂಗ ಹಿತವಾಯಿತು. ಈ ಕತೆಯನ್ನು ನಾವು ಸಂತೋಷದಿಂದ ಹೇಳಿಕೊಳ್ಳುತ್ತೇವೆ. ಆದರೆ ಧಮ್ಮಪದದ ಅಟ್ಠಕಥೆಯಲ್ಲಿ ಕತೆಯ ಕೊನೆ ಬೇರೆಯಿದೆ. ಬುದ್ಧರು ಊರಿಗೆ ಹೊರಟಾಗ ಆನೆ ಹಿಂದೆಯೇ ಬಂತು, ಮುಂದೆ ಬರಬೇಡ ಎಂದರು, ಅದು ಅಲ್ಲೇ ಎದೆಯೊಡೆದು ಸತ್ತಿತು. ಸಿದ್ಧಾರ್ಥ ಮನೆ ಬಿಟ್ಟ ರಾತ್ರಿ ಹೊತ್ತು ತಂದ ಕಂಥಕ ಕುದುರೆಯೂ ಹಾಗೆಯೇ ಅಗಲಿಕೆಯಿಂದ ಸತ್ತಿತು ಎನ್ನುತ್ತದೆ ನಿದಾನಕಥೆ. ಎರಡೂ ದೇವಲೋಕದಲ್ಲಿ ಹುಟ್ಟಿದವು ಎಂದು ಕತೆಗಾರರು ಸಮಾಧಾನ ಹೇಳುತ್ತಾರೆ. ಪ್ರಾಣಿ ನಮಗೆ ಕೊಡುವ ಸಂಗಕ್ಕೆ ಪ್ರಾಣಿಯೂ ಬೆಲೆ ತೆರುತ್ತದೆ ಎಂಬುದು ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಮುಚ್ಚಿಡಲಿಲ್ಲ.

ಒಂದು ಶನಿವಾರ ನಾವು ಹೋದಾಗ ಬೆಲ್ಲ ಎದ್ದು ಬರಲಿಲ್ಲ. ಆಕಳಿಸಿತು, ತುಟಿ ನೆಕ್ಕಿಕೊಂಡಿತು, ಮುಖ ಗೋಡೆಗೆ ತಿರುಗಿಸಿತು. ನಾಯಿಯ ಆಕಳಿಕೆ ಎಂದರೆ ಯಾವಾಗಲೂ ನಿದ್ದೆಯಲ್ಲ, ಅದು ಬೇಸರದ, ಒತ್ತಡದ ಗುರುತೂ ಹೌದಂತೆ. ಮಗ ಹತ್ತಿರ ಹೋಗುವಷ್ಟರಲ್ಲಿ ಸಮಾಲೋಚಕಿ, "ಇವತ್ತು ಬೆಳಿಗ್ಗೆಯಿಂದ ಇಬ್ಬರು ಬಂದು ಹೋಗಿದ್ದಾರೆ ಪುಟ್ಟ. ಇವಳಿಗೆ ಸಾಕಾಗಿದೆ" ಎಂದರು. ಆ ಮೂಲೆಯ ಚಾಪೆಯ ಮೇಲೆ ಅದು ಮಲಗಿದ್ದರೆ ಯಾರೂ ಮುಟ್ಟುವಂತಿಲ್ಲ, ಅದು ಅವರ ನಿಯಮ. ಎಂಥ ಅಳುವವರು ಬಂದರೂ ಅಷ್ಟೇ. ಮಗನ ಮುಖ ಸಣ್ಣದಾಯಿತು. ವಾಪಸು ಬರುವಾಗ ಶ್ರೀರಂಗಪಟ್ಟಣ ದಾಟಿದ ಮೇಲೆ, "ಅಮ್ಮ, ಅದಕ್ಕೂ ಸಾಕಾಗುತ್ತೆ ಅಲ್ವಾ" ಅಂದ.

ಪಂಚಶೀಲದ ಎರಡನೆಯದನ್ನು ನಾವು ಕಳ್ಳತನ ಮಾಡಬಾರದು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಪದಶಃ ಅದು ಕೊಡದಿದ್ದುದನ್ನು ತೆಗೆದುಕೊಳ್ಳದಿರುವುದು. ಕನ್ನಡ ಮೇಷ್ಟ್ರ ಚಟ, ಪದ ಬಿಡಿಸದೆ ಮುಂದೆ ಹೋಗಲಾರೆ. ದಣಿದ ನಾಯಿಯನ್ನು ಎಬ್ಬಿಸಿ ತಬ್ಬಿಕೊಂಡರೆ ನಾವು ಅದು ಕೊಡದ ಸಾಂತ್ವನವನ್ನು ತೆಗೆದುಕೊಂಡ ಹಾಗೆ. ಶೋಕದಲ್ಲಿದ್ದೇನೆ ಎಂಬುದು ಅದಕ್ಕೆ ರಿಯಾಯಿತಿ ಕೊಡುವುದಿಲ್ಲ. ಒಂಟಿತನ ಕಳೆಯಲು ಲಾಕ್‌ಡೌನಿನಲ್ಲಿ ದುಡ್ಡು ಕೊಟ್ಟು ತಂದ ಜಾತಿನಾಯಿಗಳು ಆಮೇಲೆ ಬೀದಿಯಲ್ಲಿ ಅಲೆಯುತ್ತಿದ್ದುದನ್ನು ನಮ್ಮ ಪೇಟೆಯಲ್ಲೇ ಕಂಡಿದ್ದೇನೆ. ತಂದವರು ಕೆಟ್ಟವರೇನಲ್ಲ, ಅವರ ನೋವು ಮುಗಿಯಿತು, ನಾಯಿಯ ಆಯುಸ್ಸು ಮುಗಿದಿರಲಿಲ್ಲ. "ಮನೆಗೇ ಒಂದು ನಾಯಿ ತನ್ನಿ" ಎಂದು ನಮಗೂ ಬಹಳ ಜನ ಹೇಳಿದರು. ತರಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮನೆಯಲ್ಲಿ ಮಂಡಿನೋವಿನ ಅತ್ತೆ ಒಬ್ಬರೇ. ಕಟ್ಟಿಹಾಕಲು ನಾಯಿ ಯಾಕೆ?

ಇಲ್ಲಿ ನಮ್ಮ ಜಿಲ್ಲೆಯದೇ ಒಂದು ಕಲ್ಲನ್ನು ನೆನೆಯಬೇಕು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಕಾಲ ತಕ್ಕೋಲದ ಯುದ್ಧ ನಡೆದ ಹೊತ್ತು, ಎಂದರೆ 949ರ ಸುಮಾರು. ಗಂಗರ ಬೂತುಗನ ಕಡೆಯ ವೀರ ಮಣಲೇರ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯ ಜೊತೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಅರ್ಚಕನಿಗೆ ಪಾಪ ಎಂದೂ ಬರೆಸಿದ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಈಗಲೂ ನೋಡಬಹುದು, ಮೇಲೆ ನಾಯಿ ಮತ್ತು ಹಂದಿಯ ಕೆತ್ತನೆಯಿದೆ. ಶಾಸನದಲ್ಲಿ ನನಗೆ ಹಿಡಿಸುವುದು ನಾಯಿಯ ಶೌರ್ಯಕ್ಕಿಂತ ಆ ಭೂಮಿ. ಕಾಳಿಯನ್ನು ಹಂದಿಯ ಮೇಲೆ ಬಿಟ್ಟವರು ಮನುಷ್ಯರೇ. ಆ ಋಣವನ್ನು ಗದ್ದೆಯ ಲೆಕ್ಕದಲ್ಲಿ ಬರೆದಿಟ್ಟರು.

ಬರಹ ಇಲ್ಲಿಗೆ ಬಂದಾಗ ಹಿರಿಯರಿಗೆ ಫೋನು ಮಾಡಿದೆ. ನಿಮ್ಮ ಮಾತಿನ ಬಗ್ಗೆ ಬರೆಯುತ್ತಿದ್ದೇನೆ, ಅಭ್ಯಂತರವೇ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, "ಸುತ್ತದ ಮಾತು ಬಿಡಿ ಮೇಡಂ. ನಮ್ಮೂರ ಸಾವ್ಕಾರರ ಜಗುಲಿ ಮೇಲೆ ನಾಯಿ ಮಲಗ್ತಿತ್ತು. ನಮ್ಮಪ್ಪ ಬೀದೀಲಿ ನಿಂತು ಕೂಗ್ಬೇಕಾಗಿತ್ತು. ನಾಯಿ ಮೇಲೆ ಪ್ರೀತಿ ಅಂದಾಗೆಲ್ಲ ನಂಗೆ ಅದೇ ಕಣ್ಮುಂದೆ ಬರುತ್ತೆ. ಇದನ್ನೂ ಬರೀರಿ."

ಬರೆದಿದ್ದೇನೆ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಬಾಬಾಸಾಹೇಬರು ಜನರನ್ನು ಕರೆದುಕೊಂಡು ಹೋದದ್ದು ಇದೇ ಕಾರಣಕ್ಕಲ್ಲವೇ? ದನ, ನಾಯಿ ಕುಡಿಯಬಹುದಾದ ನೀರನ್ನು ನಾವು ಮುಟ್ಟುವಂತಿರಲಿಲ್ಲ. ನಾಯಿಯನ್ನು ಒಳಗೆ ಬಿಟ್ಟು ಮನುಷ್ಯನನ್ನು ಹೊರಗೆ ನಿಲ್ಲಿಸಿದವರ ಪ್ರಾಣಿದಯೆಗೆ ಮೈತ್ರಿ ಎಂಬ ಹೆಸರು ಸಲ್ಲದು. ಆ ಗಾಯ ಇರುವವರಿಗೆ ಈ ವಿಷಯ ಕಹಿಯಾಗುತ್ತದೆ, ಬೀದಿನಾಯಿ ಕಚ್ಚಿದ ಮಕ್ಕಳ ತಾಯಂದಿರಿಗೂ ಕಹಿಯಾಗುತ್ತದೆ. ಅವರ ಮೇಲೆ ನಾಯಿಪ್ರೀತಿಯನ್ನು ಹೇರುವ ಹಕ್ಕು ಯಾರಿಗೂ ಇಲ್ಲ. ಆದರೆ ಜಗುಲಿಯ ಮೇಲೆ ಮಲಗಿದ್ದ ಆ ನಾಯಿಗೆ ಯಾರು ಮೇಲು, ಯಾರು ಕೀಳು ಎಂಬುದು ಗೊತ್ತಿರಲಿಲ್ಲ. ಹಿರಿಯರ ಅಪ್ಪ ಕರೆದಿದ್ದರೆ ಬಾಲ ಆಡಿಸಿಕೊಂಡು ಇಳಿದು ಬರುತ್ತಿತ್ತು. ಇದನ್ನು ಅವರಿಗೆ ಫೋನಿನಲ್ಲಿ ಹೇಳಿದೆ. "ಬರ್ತಿತ್ತು, ಬರ್ತಿತ್ತು. ಬಂದಿದೆ ಕೂಡ" ಅಂದರು. ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾವು ಮೈಸೂರಿಗೆ ಹೋದದ್ದು ಒಟ್ಟು ಹನ್ನೊಂದು ಸಲ. ಮಗ ಈಗ ಒಂಬತ್ತನೇ ತರಗತಿ, ಎದ್ದುನಿಂತು ಓದುತ್ತಾನೆ, ಬೇಡವೆಂದರೂ ಓದುತ್ತಾನೆ. ಬೆಲ್ಲನಿಗೆ ವಯಸ್ಸಾಗಿ ಕೆಲಸದಿಂದ ಬಿಡಿಸಿದ್ದಾರೆ, ಸಮಾಲೋಚಕಿಯ ಮನೆಯಲ್ಲೇ ಇದೆಯಂತೆ.

ಬರುವ ಭಾನುವಾರ ಪಿಯಜಾತಿಕ ಸುತ್ತವನ್ನೇ ಓದೋಣ. ಓದಿ ಹೇಳಲು ಹಿರಿಯರು ಒಪ್ಪಿದ್ದಾರೆ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬನ್ನಿ, ಕಳೆದ ವಾರದಂತೆ ಹನ್ನೊಂದಕ್ಕೆ ಶುರುವಾಗುವುದು ಬೇಡ.

ಜೈ ಭೀಮ್. ನಮೋ ಬುದ್ಧಾಯ.